ಗುಜರಿಯವನಿಲ್ಲದ ವರ್ತುಲ

ಸರ್ಕಾರಿ ಕನ್ನಡಕ್ಕೆ ಒಂದು ವಿಚಿತ್ರ ಶಕ್ತಿಯಿದೆ. ಅದು ಕೆಲಸವನ್ನು ಉಳಿಸಿಕೊಂಡು ಕೆಲಸ ಮಾಡುವವರನ್ನು ಅಳಿಸಿಹಾಕಬಲ್ಲದು. 'ಕಸವನ್ನು ಸಂಗ್ರಹಿಸಲಾಗುವುದು', 'ವಿಂಗಡಿಸಲಾಗುವುದು', 'ಮರುಬಳಕೆ ಮಾಡಲಾಗುವುದು'. ವ್ಯಾಕರಣದ ಮೇಷ್ಟರು ಇದನ್ನು ಕರ್ಮಣಿ ಪ್ರಯೋಗ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾವ ತಾಯಿಯೂ ಮಕ್ಕಳಿಗೆ 'ಅನ್ನ ಬಡಿಸಲಾಗುವುದು' ಎನ್ನುವುದಿಲ್ಲ. ನಗರಗಳ ಅಭಿವೃದ್ಧಿ ಕುರಿತು ಕಳೆದ ಹತ್ತು ವರ್ಷಗಳಲ್ಲಿ ಬಂದ ಯೋಜನಾ ವರದಿ, ಟೆಂಡರು, ಕರಪತ್ರ, ಜಾಹೀರಾತುಗಳನ್ನು ಒಂದು ಸಾಹಿತ್ಯ ಪ್ರಕಾರವೆಂದು ಭಾವಿಸಿ ಓದಿದರೆ, ಅದರ ಮುಖ್ಯ ಲಕ್ಷಣವೇ ಈ ಕರ್ತೃವಿಲ್ಲದ ವಾಕ್ಯ. ಅಲ್ಲಿ ಎಲ್ಲವೂ ತಾನೇ ನಡೆಯುತ್ತದೆ. ಸಂವೇದಕ ತಿಳಿಸುತ್ತದೆ, ತೆರೆ ತೋರಿಸುತ್ತದೆ, ಲಾರಿ ಬರುತ್ತದೆ, ಕಸ ಸಂಪನ್ಮೂಲವಾಗುತ್ತದೆ. ಮನುಷ್ಯರು ಮಾತ್ರ ಕಾಣುವುದಿಲ್ಲ.

ಈ ಸಾಹಿತ್ಯದ ಎರಡು ಮಂತ್ರಗಳೆಂದರೆ 'ಸ್ಮಾರ್ಟ್ ಸಿಟಿ' ಮತ್ತು 'ಸರ್ಕ್ಯುಲರ್ ಎಕಾನಮಿ'. ಎರಡನೆಯದನ್ನು ಕನ್ನಡದಲ್ಲಿ ವರ್ತುಲ ಆರ್ಥಿಕತೆ ಎನ್ನಬಹುದು. ಅದರ ತಿರುಳು ಸರಳವಾದುದು. ಭೂಮಿಯಿಂದ ತೆಗೆ, ವಸ್ತು ಮಾಡು, ಬಳಸು, ಎಸೆ ಎಂಬ ನೇರ ಗೆರೆಯನ್ನು ಬಾಗಿಸಿ ಎಸೆಯುವ ತುದಿಯನ್ನು ಮತ್ತೆ ಮಾಡುವ ತುದಿಗೆ ಕೂಡಿಸುವುದು. ಕೆನೆತ್ ಬೋಲ್ಡಿಂಗ್ ಎಂಬ ಅರ್ಥಶಾಸ್ತ್ರಜ್ಞ 1966ರಲ್ಲೇ ಭೂಮಿಯನ್ನು ಹೊರಗಿನಿಂದ ಏನೂ ಬಾರದ, ಹೊರಗೆ ಏನನ್ನೂ ಎಸೆಯಲಾಗದ ಒಂದು ಆಕಾಶನೌಕೆಗೆ ಹೋಲಿಸಿದ್ದ. ಇತ್ತೀಚೆಗೆ ಈ ವಿಚಾರವನ್ನು ಲೋಕಕ್ಕೆಲ್ಲ ಸಾರಿದ ಎಲೆನ್ ಮ್ಯಾಕ್‌ಆರ್ಥರ್, ಒಂಟಿಯಾಗಿ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿಬಂದ ಸಾಹಸಿ. ದೋಣಿಯಲ್ಲಿ ಇರುವಷ್ಟರಲ್ಲೇ ಬದುಕಬೇಕೆಂಬ ಅರಿವಿನಿಂದ ಆಕೆ 2010ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಚೀನಾ 2008ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಯುರೋಪು 2015ರಲ್ಲಿ ಕಾರ್ಯಯೋಜನೆ ಹೊರಡಿಸಿತು. ಅದೇ 2015ರ ಜೂನ್ 25ರಂದು ನಮ್ಮಲ್ಲಿ ಸ್ಮಾರ್ಟ್ ಸಿಟಿ ಮಿಷನ್ ಶುರುವಾಯಿತು. ನೂರು ನಗರಗಳು, ಕೇಂದ್ರದಿಂದ 48,000 ಕೋಟಿ ರೂಪಾಯಿ. ಸ್ಮಾರ್ಟ್ ಸಿಟಿ ಎಂಬುದಕ್ಕೆ ಎಲ್ಲರೂ ಒಪ್ಪುವ ವ್ಯಾಖ್ಯೆ ಇಲ್ಲವೆಂದು ಮಿಷನ್ನಿನ ಮಾರ್ಗಸೂಚಿಯೇ ಒಪ್ಪಿಕೊಂಡಿತ್ತು. ಇದು ಪ್ರಾಮಾಣಿಕತೆಯೂ ಹೌದು, ಜಾಣತನವೂ ಹೌದು. ವ್ಯಾಖ್ಯೆ ಇಲ್ಲದ ಗುರಿಯನ್ನು ಮುಟ್ಟಲಿಲ್ಲವೆಂದು ಯಾರೂ ದೂರಲಾಗದು. 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿಯಿತು. ಅದು ಬಿಟ್ಟುಹೋದ ಕಟ್ಟಡಗಳು, ಕ್ಯಾಮೆರಾಗಳು, ಕಂಪನಿಗಳು, ಎಲ್ಲಕ್ಕಿಂತ ಮುಖ್ಯವಾಗಿ ನಗರವನ್ನು ನೋಡುವ ಆ ಕ್ರಮ, ನಮ್ಮ ನಡುವೆ ಉಳಿದಿವೆ. ಆ ನೋಟದ ಕ್ರಮವನ್ನೇ ಇಲ್ಲಿ ವಿಮರ್ಶಿಸಬೇಕಿದೆ. ಅದಕ್ಕೆ ನಗರದಿಂದ ದೂರದ ಒಂದು ಜಾಗದಿಂದ ಹೊರಡುವುದು ಒಳ್ಳೆಯದು.

ಶೃಂಗೇರಿ ತಾಲೂಕಿನ ಅಡ್ಡಗದ್ದೆ ಅಂಥ ಜಾಗ. ಅಡಿಕೆ ತೋಟ, ಗದ್ದೆ, ಕಾಡು ಒಂದಕ್ಕೊಂದು ತಾಗಿಕೊಂಡಿರುವ ಮಲೆನಾಡಿನ ಸೀಮೆ. ವರ್ತುಲವೆಂದರೇನು ಎಂದು ತಿಳಿಯಲು ಈ ಸೀಮೆಯವರು ಯುರೋಪಿನ ವರದಿ ಓದಬೇಕಿಲ್ಲ. ಸೊಪ್ಪಿನಬೆಟ್ಟದ ಹಸಿಸೊಪ್ಪು, ತರಗೆಲೆ ಕೊಟ್ಟಿಗೆಗೆ ಬರುತ್ತದೆ. ದನದ ಕಾಲಡಿ ಬಿದ್ದು, ಸಗಣಿ ಗಂಜಲದಲ್ಲಿ ನೆನೆದು ಗುಂಡಿ ಸೇರುತ್ತದೆ. ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಮರದಿಂದ ಬಿದ್ದ ಸೋಗೆ ಹಿಂದೆ ಮನೆಗೆ ಮಾಡು, ಈಗ ತೋಟಕ್ಕೆ ಮುಚ್ಚಿಗೆ. ಹಾಳೆ ಹಿಂದೆ ಟೊಪ್ಪಿ, ಈಗ ತಟ್ಟೆ. ಸತ್ತ ಮರ ದಬ್ಬೆಯಾಗಿ ಬೇಲಿಗೆ, ಅಟ್ಟಕ್ಕೆ. ಸಿಪ್ಪೆ ಒಲೆಗೆ. ಅಡಿಕೆ ಬೇಯಿಸಿದ ನೀರನ್ನು ಕೂಡ ಚೆಲ್ಲುವುದಿಲ್ಲ. ಅದು ಗಟ್ಟಿಯಾಗಿ ಚೊಗರಾಗುತ್ತದೆ. ಈ ವರ್ಷದ ಚೊಗರು ಮುಂದಿನ ವರ್ಷದ ಅಡಿಕೆಗೆ ಬಣ್ಣ. ತ್ಯಾಜ್ಯವೆಂಬ ಪದವೇ ಇಲ್ಲಿ ಬೇಕಾಗಿರಲಿಲ್ಲ. ಪ್ರತಿಯೊಂದಕ್ಕೂ ಅದರದೇ ಹೆಸರಿತ್ತು. ಹೆಸರು ಇರುವ ತನಕ ಯಾವ ವಸ್ತುವೂ ಕಸವಾಗುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹಳ್ಳಿಯ ಗುಣಗಾನವಾಗುತ್ತದೆ. ನಮ್ಮಲ್ಲಿ ಇಂಥ ಗುಣಗಾನಗಳಿಗೆ ಕೊರತೆಯಿಲ್ಲ. ಸೊಪ್ಪಿನ ಹೊರೆಯನ್ನು ಬೆಟ್ಟದಿಂದ ಇಳಿಸಿದವರು ಯಾರು, ಗೊಬ್ಬರದ ಹೆಡಿಗೆಯನ್ನು ತಲೆಯ ಮೇಲೆ ಹೊತ್ತು ಮಳೆಗಾಲದ ತೋಟದ ಕಪ್ಪುಗಳನ್ನು ದಾಟಿದವರು ಯಾರು ಎಂದು ಕೇಳಿದ ಕೂಡಲೇ ಈ ಸುಂದರ ಚಕ್ರದೊಳಗೆ ಜೀತ, ಗೇಣಿ, ಜಾತಿ ಎಲ್ಲವೂ ಕಾಣಿಸಿಕೊಳ್ಳುತ್ತವೆ. ಸೊಪ್ಪಿನಬೆಟ್ಟದ ಹಕ್ಕು ತೋಟ ಇದ್ದವರಿಗೆ. ತೋಟ ಇಲ್ಲದವರಿಗೆ ಹೊರುವ ಹಕ್ಕು ಮಾತ್ರ. ಫಲವತ್ತತೆ ಸುತ್ತಿ ಸುತ್ತಿ ಒಂದೇ ಅಂಗಳಕ್ಕೆ ಬರುತ್ತಿತ್ತು. ವಸ್ತು ವರ್ತುಲವಾಗಿ ಚಲಿಸಿದ ಮಾತ್ರಕ್ಕೆ ಅದರ ಲಾಭವೂ ವರ್ತುಲವಾಗಿ ಚಲಿಸುತ್ತದೆ ಎನ್ನಲಾಗದು. ಮಲೆನಾಡಿನ ಈ ಅನುಭವ ನಗರದ ಹೊಸ ಮಂತ್ರವನ್ನು ಅಳೆಯಲು ಒಳ್ಳೆಯ ಅಳತೆಗೋಲು.

ಆ ಹಳೆಯ ಚಕ್ರವೂ ಈಗ ಪೂರ್ಣವಾಗಿ ಉಳಿದಿಲ್ಲ. ದನ ಕಡಿಮೆಯಾಗಿ ರಸಗೊಬ್ಬರದ ಚೀಲ ಬಂತು. ಕೊಳೆರೋಗದಿಂದ ಅಡಿಕೆಗೊನೆ ಕಾಪಾಡಲು ಒಂದು ಕಾಲದಲ್ಲಿ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಶೃಂಗೇರಿ, ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಎಲ್ಲಕ್ಕಿಂತ ಕ್ರೂರವಾದ ವರ್ತುಲವೊಂದಿದೆ. ಮಲೆನಾಡಿನ ಅಡಿಕೆ ಉತ್ತರ ಭಾರತದ ಕಾರ್ಖಾನೆಗೆ ಹೋಗಿ, ಪಾನ್ ಮಸಾಲೆಯಾಗಿ, ಮಿಂಚುವ ಪೊಟ್ಟಣದಲ್ಲಿ ತಿರುಗಿ ಬರುತ್ತದೆ. ಖಾಲಿ ಪೊಟ್ಟಣ ತೋಟದ ಬೇಲಿಗೆ ಸಿಕ್ಕಿಕೊಳ್ಳುತ್ತದೆ. ಹಲವು ಪದರಗಳ ಆ ಪೊಟ್ಟಣವನ್ನು ಗುಜರಿಯವನೂ ಮುಟ್ಟುವುದಿಲ್ಲ. ಏಕೆಂದರೆ ಅದಕ್ಕೆ ಬೆಲೆಯಿಲ್ಲ.

ಗುಜರಿಯವನ ಮಾತು ಬಂತು. ಮಲೆನಾಡಿನ ಮನೆಯ ವರ್ತುಲವನ್ನು ಹೊರಲೋಕಕ್ಕೆ ಕೂಡಿಸಿದವರಲ್ಲಿ ಅವನು ಮುಖ್ಯನು. ಅವನಿಗಿಂತ ಮೊದಲೂ ಹಲವರಿದ್ದರು. ತಾಮ್ರ ಹಿತ್ತಾಳೆಯ ಪಾತ್ರೆಗೆ ತವರ, ನವಸಾಗರ ಹಾಕಿ ಬೆಳ್ಳಗೆ ಹೊಳೆಸುತ್ತಿದ್ದ ಕಲಾಯಿ ಸಾಬರು. ಗಂಟುಕಟ್ಟಿದ ಹಳೆಯ ಹಾಸಿಗೆಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಮತ್ತೆ ಹಗುರ ಮಾಡುತ್ತಿದ್ದ ಪಿಂಜಾರರು. ಮಳೆಗಾಲಕ್ಕೆ ಮುಂಚೆ ಊರಿಗೆ ಬಂದು ಕೊಡೆಯ ಕಡ್ಡಿ ಸರಿಮಾಡುತ್ತಿದ್ದವರು. ಬೀಗದ ಕೈ ಮಾಡುವವರು, ಸ್ಟೌ ರಿಪೇರಿಯವರು. ಕರ್ನಾಟಕದ ಮುಸ್ಲಿಮರ ಆರ್ಥಿಕ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸುಲ್ತಾನರಿಂದಲೋ ಕುದುರೆ ವ್ಯಾಪಾರದಿಂದಲೋ ಶುರುಮಾಡುತ್ತಾರೆ. ರಿಪೇರಿಯಿಂದ ಶುರುಮಾಡಬಹುದು ಎಂದು ನನಗನ್ನಿಸುತ್ತದೆ. ಹೊಲ ಗದ್ದೆಯಿಲ್ಲದ ಒಂದು ದೊಡ್ಡ ಸಮುದಾಯ ಇತರರ ವಸ್ತುಗಳ ಆಯಸ್ಸನ್ನು ಹೆಚ್ಚಿಸುವುದರಿಂದಲೇ ಅನ್ನ ಸಂಪಾದಿಸಿತು. ಇವತ್ತು 'ರೈಟ್ ಟು ರಿಪೇರ್' ಎಂಬ ಹೆಸರಿನಲ್ಲಿ ಪಶ್ಚಿಮದ ಬಳಕೆದಾರರು ಹೋರಾಡುತ್ತಿದ್ದಾರೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಅದಕ್ಕೊಂದು ಸಮಿತಿ ರಚಿಸಿ ಜಾಲತಾಣ ತೆರೆಯಿತು. ಒಳ್ಳೆಯದೇ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಆ ಹಕ್ಕು ಯಾವ ಘೋಷಣೆಯೂ ಇಲ್ಲದೆ ಬಹುಕಾಲದಿಂದ ಚಲಾವಣೆಯಲ್ಲಿತ್ತು.

ಸಮಾಜ ಈ ದುಡಿಮೆಗೆ ಕೊಟ್ಟ ಗೌರವವನ್ನು ಭಾಷೆಯಲ್ಲೇ ನೋಡಬಹುದು. ಕನ್ನಡದಲ್ಲಿ 'ಗುಜರಿ' ಎಂಬುದು ಬೈಗುಳ. ಹಳೆಯ ಬಸ್ಸಿಗೆ, ಕೆಲಸಕ್ಕೆ ಬಾರದ ವಸ್ತುವಿಗೆ, ಕೆಲವೊಮ್ಮೆ ಮನುಷ್ಯರಿಗೂ ಅದನ್ನು ಬಳಸುತ್ತೇವೆ. ಮನೆ ಬಾಗಿಲಿಗೆ ಬಂದ ಗುಜರಿಯವನ ತಕ್ಕಡಿಯ ಮೇಲೆ ನಮಗೆ ಸದಾ ಗುಮಾನಿ. ಸೂಪರ್ ಮಾರ್ಕೆಟ್ಟಿನ ಪೊಟ್ಟಣದೊಳಗೆ ಎಷ್ಟು ಗಾಳಿಯಿದೆ ಎಂದು ಇಷ್ಟೇ ಆಸ್ಥೆಯಿಂದ ಕೇಳಿದವರು ಕಡಿಮೆ.

ಅಡ್ಡಗದ್ದೆಯ ಸೀಮೆಯ ಹಳ್ಳಗಳ ನೀರು ತುಂಗೆಗೆ ಸೇರುತ್ತದೆ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ ದಾಟಿ ಶಿವಮೊಗ್ಗ ಮುಟ್ಟುತ್ತಾಳೆ. ಶಿವಮೊಗ್ಗ 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಮಂಗಳೂರು, ತುಮಕೂರು, ಹುಬ್ಬಳ್ಳಿ-ಧಾರವಾಡ ಕೂಡ ಅದೇ ಪಟ್ಟಿಯಲ್ಲಿದ್ದವು. ದಾವಣಗೆರೆ, ಬೆಳಗಾವಿ ಅದಕ್ಕೂ ಮುಂಚೆ, ಬೆಂಗಳೂರು 2017ರಲ್ಲಿ. ಶಿವಮೊಗ್ಗದಲ್ಲಿ ತುಂಗೆಯ ದಡಕ್ಕೆ ನಡೆದಾಡುವ ಹಾದಿ, ದೀಪ, ಉದ್ಯಾನ ಬಂದವು. ಸಂಜೆ ಹೊತ್ತು ಜನ ಅಲ್ಲಿ ಕೂರುತ್ತಾರೆ, ಮಕ್ಕಳು ಓಡಾಡುತ್ತಾರೆ. ಇದನ್ನು ಲೇವಡಿ ಮಾಡುವುದು ಸರಿಯಲ್ಲ. ಊರಿನ ಬಡವರಿಗೂ ಕೂರಲು ಒಂದು ಚೆಂದದ ಜಾಗ ಬೇಕು. ಆದರೆ ನದಿಯ ದಡ ಸ್ಮಾರ್ಟ್ ಆದ ಮೇಲೂ ನದಿಯ ನೀರು ಕೊಳಕಾಗಿಯೇ ಉಳಿದರೆ ಅದನ್ನು ಏನೆನ್ನಬೇಕು? 2024ರ ನವೆಂಬರಿನಲ್ಲಿ ತುಂಗಭದ್ರೆಯನ್ನು ಉಳಿಸಿ ಎಂದು ಶೃಂಗೇರಿಯಿಂದ ಕಿಷ್ಕಿಂಧೆಯತ್ತ ಪಾದಯಾತ್ರೆ ಹೊರಟವರ ಮುಖ್ಯ ದೂರು, ದಡದ ಊರುಗಳ ಕೊಳಚೆ ನದಿಗೆ ನೇರ ಸೇರುತ್ತಿದೆ ಎಂಬುದೇ ಆಗಿತ್ತು. ಶುದ್ಧೀಕರಣ ಘಟಕ ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪ ಬೀಳುತ್ತದೆ.

ಇದು ಆಕಸ್ಮಿಕವಲ್ಲ, ಮಿಷನ್ನಿನ ವಿನ್ಯಾಸದಲ್ಲೇ ಇತ್ತು. ನಗರದ ಒಂದು ತುಂಡನ್ನು ಆರಿಸಿ ಅಭಿವೃದ್ಧಿ ಮಾಡುವುದು, ಮಿಕ್ಕ ನಗರಕ್ಕೆಲ್ಲ ಒಂದೆರಡು ತಾಂತ್ರಿಕ ಪರಿಹಾರ ಕೊಡುವುದು ಎಂಬುದು ಅದರ ಸೂತ್ರ. ಇರುವ ಪ್ರದೇಶವನ್ನು ಸುಧಾರಿಸುವುದಾದರೆ 500 ಎಕರೆಗೂ ಮಿಕ್ಕ ಒಂದು ಭಾಗ. ಸಾಮಾನ್ಯವಾಗಿ ಅದು ಊರಿನ ನಡುಭಾಗವೇ ಆಯಿತು. ಕೆಲಸ ನಡೆಸಲು ಚುನಾಯಿತ ಪಾಲಿಕೆಯ ಪಕ್ಕದಲ್ಲಿ ಒಂದು ಲಿಮಿಟೆಡ್ ಕಂಪನಿ. ಎಲ್ಲವನ್ನೂ ನೋಡಲು ದೊಡ್ಡ ತೆರೆಗಳ ಒಂದು ನಿಯಂತ್ರಣ ಕೊಠಡಿ. ನೂರೂ ನಗರಗಳಲ್ಲಿ ಈ ಕೊಠಡಿ ಬಂತು. ಕಸದ ಗಾಡಿಗೆ ಜಿಪಿಎಸ್, ಮನೆಯ ಗೋಡೆಗೆ ಚೀಟಿ, ಬೀದಿಗೆ ಕ್ಯಾಮೆರಾ. ಗಾಡಿ ಬಂತೋ ಇಲ್ಲವೋ ಎಂಬುದು ತೆರೆಯಲ್ಲಿ ಗೊತ್ತಾಗುತ್ತದೆ. ಗಾಡಿ ಕೊನೆಗೆ ಎಲ್ಲಿ ಸುರಿಯಿತು, ಸುರಿದ ಜಾಗದ ಪಕ್ಕದಲ್ಲಿ ಯಾರ ಬಾವಿಯಿದೆ ಎಂಬುದು ತೆರೆಯ ಅಂಚಿನ ಆಚೆಗೆ ಉಳಿಯಿತು.

ಶೃಂಗೇರಿಯಿಂದ ಕೆರೆಕಟ್ಟೆ, ಬಜಗೋಳಿ, ಕಾರ್ಕಳದ ದಾರಿಯಲ್ಲಿ ಘಟ್ಟ ಇಳಿದರೆ ಸಿಗುವ ಮಂಗಳೂರಿನಲ್ಲಿ ಈ ಅಂಚು 2019ರ ಆಗಸ್ಟಿನಲ್ಲಿ ಕುಸಿಯಿತು. ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಗುಡ್ಡೆ ಹಾಕಿದ್ದ ನಗರದ ಕಸ ದೊಡ್ಡ ಮಳೆಗೆ ಜಾರಿ, ಕೆಳಗಿನ ಮಂದಾರದ ಕಡೆಗೆ ಹರಿಯತೊಡಗಿತು. ಒಂದೇ ಏಟಿಗೆ ಅಲ್ಲ, ದಿನದಿಂದ ದಿನಕ್ಕೆ, ನಿಧಾನವಾಗಿ, ಹೆಬ್ಬಾವಿನಂತೆ. ತೆಂಗು, ಅಡಿಕೆ ಮರಗಳು ಕಸದ ನಡುವೆ ಮುಳುಗಿದವು. ಮನೆಗಳು, ಬಾವಿಗಳು, ದೈವದ ಜಾಗ ಯಾವುದನ್ನೂ ಅದು ಬಿಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟು ವಸತಿ ಮಂಡಳಿಯ ಫ್ಲ್ಯಾಟುಗಳಿಗೆ ಹೋಗಬೇಕಾಯಿತು. ಕಸದ ಕೊಳೆನೀರು ಹಳ್ಳ ಹಿಡಿದು ಫಲ್ಗುಣಿಗೆ ಸೇರಿತು. ವಿಷಯ ಹೈಕೋರ್ಟಿನ ತನಕ ಹೋಯಿತು. ಮಂಗಳೂರು ಸ್ಮಾರ್ಟ್ ಸಿಟಿಯಾಗಿ ಆಗ ಮೂರು ವರ್ಷ ತುಂಬುತ್ತಿತ್ತು.

ಮಂದಾರದಲ್ಲಿ ಮುಳುಗಿದ್ದು ಅಡಿಕೆ ತೋಟ ಎಂಬುದನ್ನು ಮತ್ತೊಮ್ಮೆ ನೆನೆಯಬೇಕು. ಸಣ್ಣದೋ ದೊಡ್ಡದೋ, ನ್ಯಾಯದ್ದೋ ಅನ್ಯಾಯದ್ದೋ, ತನ್ನ ಸೋಗೆ ಸಿಪ್ಪೆ ಹಾಳೆಗಳನ್ನು ತಾನೇ ತಿರುಗಿ ಉಣ್ಣುತ್ತಿದ್ದ ಒಂದು ವರ್ತುಲವನ್ನು ನಗರದ ನೇರ ಗೆರೆ ಬಂದು ಹೂತುಹಾಕಿತು. ಆಮೇಲೆ ಬಯೋಮೈನಿಂಗ್ ಎಂಬ ಪದ ಬಂತು. ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು, ಬೇರೆ ಮಾಡುವ ಕೆಲಸ ಅದು. ಮೊದಲೇ ಹಸಿ ಒಣ ಎಂದು ಎರಡು ಬುಟ್ಟಿಯಲ್ಲಿ ಹಾಕಿದ್ದರೆ ಮನೆಯಲ್ಲೇ ಮುಗಿಯುತ್ತಿದ್ದ ಕೆಲಸವನ್ನು ವರ್ಷಗಳ ನಂತರ ಕೋಟಿಗಟ್ಟಲೆ ಕೊಟ್ಟು ಮಾಡಿಸುವುದನ್ನು 'ಗಣಿಗಾರಿಕೆ' ಎನ್ನುವುದರಲ್ಲಿ ಒಂದು ಸತ್ಯವಿದೆ.

ಬೆಂಗಳೂರಿನ ಕಥೆ ಇದಕ್ಕಿಂತ ಹಳೆಯದು, ದೊಡ್ಡದು. ಮಾವಳ್ಳಿಪುರದವರು, ಮಂಡೂರಿನವರು ನಗರದ ಕಸದ ಲಾರಿಗಳನ್ನು ರಸ್ತೆಯಲ್ಲಿ ತಡೆದು ನಿಲ್ಲಿಸಿದ್ದು 2012ರಲ್ಲಿ, ಮತ್ತೆ 2014ರಲ್ಲಿ. ಆಗ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದು ನಾರತೊಡಗಿದ ಮೇಲೆಯೇ, ಎಸೆಯುವುದೆಂದರೆ ಎಲ್ಲಿಗೋ ಎಸೆಯುವುದು, ಆ 'ಎಲ್ಲಿಗೋ' ಒಂದು ಊರು, ಅಲ್ಲಿ ಜನರಿದ್ದಾರೆ ಎಂಬುದು ಬೆಂಗಳೂರಿಗೆ ಹೊಳೆದದ್ದು. ಹೈಕೋರ್ಟು ಮೂಲದಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. ವಾರ್ಡಿಗೊಂದು ಒಣಕಸ ಸಂಗ್ರಹ ಕೇಂದ್ರ ತೆರೆಯುವ ಮಾತಾಯಿತು. ಅದಕ್ಕೂ ಮುನ್ನ 2011ರಲ್ಲಿ ಆಗಿನ ಬಿಬಿಎಂಪಿ ಕಸ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತ್ತು. ಹಸಿರು ದಳದಂಥ ಸಂಘಟನೆಗಳ ಒತ್ತಾಯದಿಂದ ಹಲವು ಒಣಕಸ ಕೇಂದ್ರಗಳನ್ನು ಕಸ ಆಯುತ್ತಿದ್ದವರೇ ನಡೆಸಲು ಸಿಕ್ಕವು. ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಒಬ್ಬ ಹುಡುಗ ದೊಡ್ಡವನಾಗಿ, ಜಯನಗರದಲ್ಲಿ ಇಂಥ ಒಂದು ಕೇಂದ್ರ ನಡೆಸುತ್ತ, 2015ರ ಪ್ಯಾರಿಸ್ ಹವಾಮಾನ ಸಮಾವೇಶಕ್ಕೆ ಹೋಗಿಬಂದರು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಆಯುವವರ ಹೆಸರು ಸ್ಪಷ್ಟವಾಗಿ ಸೇರಿತು. ಕರ್ತೃವಿಲ್ಲದ ವಾಕ್ಯಕ್ಕೆ ಅಷ್ಟರ ಮಟ್ಟಿಗೆ ಕರ್ತೃ ಸಿಕ್ಕಂತಾಯಿತು.

ಆದರೆ ಚೀಟಿ ಕೊಟ್ಟ ಕೈಯೇ ಗುಡಿಸಲು ಕೀಳುವುದೂ ಉಂಟು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. (ನೋಡಿ, ನನ್ನ ವಾಕ್ಯವೂ ಕರ್ಮಣಿಗೆ ಜಾರಿತು. ಯಾರು ಮಾಡಿದರು ಎಂಬುದೇ ಆಗ ನ್ಯಾಯಾಲಯದಲ್ಲಿ ಪ್ರಶ್ನೆಯಾಗಿತ್ತು.) ಅಲ್ಲಿದ್ದವರು ಅಕ್ರಮ ಬಾಂಗ್ಲಾದೇಶೀಯರು ಎಂಬುದು ಹೊರಿಸಿದ ಆರೋಪ. ಇದ್ದವರಲ್ಲಿ ಅಸ್ಸಾಂ, ತ್ರಿಪುರ, ಬಂಗಾಳದವರಲ್ಲದೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಸುತ್ತಲಿನ ಬಹುಮಹಡಿ ಕಟ್ಟಡಗಳಲ್ಲಿ ಕಸ ಗುಡಿಸುವ, ಮನೆಗೆಲಸ, ಗಾರೆಕೆಲಸ ಮಾಡುವ ಜನ. ಹೈಕೋರ್ಟು ಈ ಕ್ರಮವನ್ನು ಒಪ್ಪಲಿಲ್ಲ, ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸಬೇಕೆಂದಿತು. ಬೆಂಗಳೂರಿನ ಹೊರವಲಯದಲ್ಲಿ ಒಣಕಸ ಬೇರ್ಪಡಿಸುವ ಬಂಗಾಳಿ ಮಾತಿನ ಬಡ ಮುಸ್ಲಿಮರ ಬೆನ್ನ ಮೇಲೆ ಈ ಗುಮಾನಿ ಇಂದಿಗೂ ಕೂತಿದೆ. ಐಟಿ ಕಂಪನಿಗಳ ವಾರ್ಷಿಕ ಪರಿಸರ ವರದಿಯಲ್ಲಿ ಇಷ್ಟು ಟನ್ ಮರುಬಳಕೆಗೆ ಹೋಯಿತು ಎಂದು ನಮೂದಾಗುತ್ತದೆ. ಆ ಟನ್ನುಗಳನ್ನು ಕೈಯಿಂದ ಬೇರ್ಪಡಿಸಿದವರು ಆಧಾರ್ ಕಾರ್ಡು ಹಿಡಿದು ಠಾಣೆಯ ಮುಂದೆ ನಿಂತಿರುತ್ತಾರೆ. ವಸ್ತುವಿಗೆ ವರ್ತುಲದಲ್ಲಿ ಜಾಗ ಸಿಕ್ಕಿದೆ, ಮನುಷ್ಯರಿಗೆ ನಗರದಲ್ಲಿ ಸಿಕ್ಕಿಲ್ಲ.

ಸ್ಮಾರ್ಟ್ ತಂತ್ರಜ್ಞಾನಕ್ಕೆ ಅದರದೇ ಕಸವೂ ಇದೆ. ಕ್ಯಾಮೆರಾ, ಸಂವೇದಕ, ಮೊಬೈಲು, ಸರ್ವರುಗಳು ಕೆಲವೇ ವರ್ಷದಲ್ಲಿ ಇ-ತ್ಯಾಜ್ಯವಾಗುತ್ತವೆ. ಗೋರಿಪಾಳ್ಯ, ನಾಯಂಡಹಳ್ಳಿ, ಮೈಸೂರು ರಸ್ತೆಯ ಸಂದುಗಳಲ್ಲಿ ಇದನ್ನು ಬಿಡಿಸಿ, ಉಪಯೋಗದ ಭಾಗ ತೆಗೆದು, ಉಳಿದುದನ್ನು ಜಾತಿವಾರು ಮಾಡುವ ಸಾವಿರಾರು ಕೈಗಳಿವೆ. ಬಹುಪಾಲು ಮುಸ್ಲಿಮರು, ದಲಿತರು. ಈ ಕೆಲಸವನ್ನೂ ವೈಭವೀಕರಿಸಬಾರದು. ತಾಮ್ರಕ್ಕಾಗಿ ತಂತಿ ಸುಡುವ ಹೊಗೆ, ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುವ ಬೋರ್ಡುಗಳು, ಸೀಸದ ಧೂಳು ಮೊದಲು ಕೊಲ್ಲುವುದು ಆ ಕೆಲಸಗಾರರನ್ನು, ಅದೇ ಓಣಿಯ ಮಕ್ಕಳನ್ನು. ನಿಯಮ ಬೇಕೇಬೇಕು. ಆದರೆ ನಿಯಮ ಬಂದ ರೀತಿಯನ್ನು ಗಮನಿಸಿ. 2011 ಮತ್ತು 2016ರ ಇ-ತ್ಯಾಜ್ಯ ನಿಯಮಗಳಲ್ಲಿ 'ಬಿಡಿಭಾಗ ಬಿಚ್ಚುವವರು' ಎಂಬ ಒಂದು ವರ್ಗವಿತ್ತು. ಓಣಿಯ ಕೆಲಸಗಾರರು ಗುಂಪುಕಟ್ಟಿ, ತರಬೇತಿ ಪಡೆದು, ಕಾನೂನಿನ ಒಳಗೆ ಬರಲು ಅದೊಂದು ಸಣ್ಣ ಬಾಗಿಲು. 2023ರ ಏಪ್ರಿಲಿನಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಉತ್ಪಾದಕ, ತಯಾರಕ, ನವೀಕರಿಸುವವ, ಮರುಬಳಕೆ ಉದ್ದಿಮೆ ಎಂಬ ನಾಲ್ಕೇ ವರ್ಗ ಉಳಿದು ಆ ಬಾಗಿಲು ಮುಚ್ಚಿತು. ವಿಷದ ಕೆಲಸ ಇದರಿಂದ ನಿಲ್ಲುವುದಿಲ್ಲ, ಇನ್ನೂ ಒಳಗಿನ ಓಣಿಗೆ ಹೋಗುತ್ತದೆ. ಮರುಬಳಕೆಯ ಪ್ರಮಾಣಪತ್ರದ ಹಣ ಮಾತ್ರ ದೊಡ್ಡ ಕಾರ್ಖಾನೆಗೆ.

ಈ ವಿಷಯದಲ್ಲಿ ಕೈರೋ ನಗರದ ಉದಾಹರಣೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ತಲೆಮಾರುಗಳಿಂದ ಮನೆಮನೆಯ ಕಸ ಎತ್ತಿದವರು ಝಬ್ಬಾಲೀನರು. ಅವರು ಮುಸ್ಲಿಂ ಬಹುಸಂಖ್ಯಾತ ನಗರದ ಕಾಪ್ಟಿಕ್ ಕ್ರೈಸ್ತರು, ಬಡ ಅಲ್ಪಸಂಖ್ಯಾತರು. ಎತ್ತಿದ ಕಸದಲ್ಲಿ ಶೇಕಡಾ 80ರಷ್ಟನ್ನು ಅವರು ಮರುಬಳಕೆ ಮಾಡುತ್ತಿದ್ದರೆಂದು ಅಂದಾಜು. 2003ರಲ್ಲಿ ಸರ್ಕಾರ ಆಧುನಿಕವಾಗಲು ಹೊರಟು ಸ್ಪೇನ್, ಇಟಲಿಯ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಕಂಪನಿಗಳು ಮರುಬಳಕೆ ಮಾಡಬೇಕಿದ್ದುದು ಶೇಕಡಾ 20 ಮಾತ್ರ. ದೊಡ್ಡ ಲಾರಿಗಳು ಸಣ್ಣ ಓಣಿಗೆ ನುಗ್ಗಲಿಲ್ಲ. ಬೀದಿ ಕೊಳಕಾಯಿತು, ಝಬ್ಬಾಲೀನರು ಅರೆಹೊಟ್ಟೆಯಾದರು. ಅಲ್ಲಿ ಕ್ರೈಸ್ತರು, ಇಲ್ಲಿ ಮುಸ್ಲಿಮರು ಮತ್ತು ದಲಿತರು. ಧರ್ಮ ಬದಲಾದರೂ ಕಸದ ಬಳಿ ಯಾರು ನಿಲ್ಲಬೇಕೆಂಬ ಸಮಾಜದ ತೀರ್ಮಾನ ಬದಲಾಗುವುದಿಲ್ಲ. ಅಲ್ಲಿನ ಬಹುಸಂಖ್ಯಾತರಿಗೆ ಕಾಣದ್ದೇ ಇಲ್ಲಿನ ಬಹುಸಂಖ್ಯಾತರಿಗೂ ಕಾಣುವುದಿಲ್ಲ.

ನಗರದ ಕಸ ಹಳ್ಳಿಗೆ ಹೋದದ್ದೆಲ್ಲ ಬರೀ ಅನಾಹುತ ಎಂದೂ ಹೇಳಲಾಗದು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ, ಬಹುಶಃ ಕರ್ನಾಟಕದ ಅತಿ ದೊಡ್ಡ ವರ್ತುಲ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಮಾಡಿ, ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಗುರಿಯ ಈ ಯೋಜನೆಯ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆ ಮುಟ್ಟಿತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟು ತಡೆಯಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು, ಆಮೇಲೆ ತಡೆ ತೆರವಾಯಿತು. ಒಣಗಿದ್ದ ಕೊಳವೆ ಬಾವಿಗಳಲ್ಲಿ ನೀರು ಏರಿದ್ದು ಸುಳ್ಳಲ್ಲ, ರೈತರು ಅದರಿಂದ ಬೆಳೆ ತೆಗೆದದ್ದೂ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಎಂದು ಕೋಲಾರದ ನೀರಾವರಿ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಆ ಪ್ರಶ್ನೆ ರಸಾಯನಶಾಸ್ತ್ರದ್ದು ಮಾತ್ರ ಅಲ್ಲ. ಬೆಂಗಳೂರಿನವರು ತಾವು ಕುಡಿಯಲು ಒಪ್ಪದ ನೀರನ್ನು ಇಳಿಸಿಕೊಳ್ಳುವ ನೆಲ ತಮ್ಮದೇ ಯಾಕಾಗಬೇಕು ಎಂಬುದು ಅದರ ಒಳಗಿದೆ. ಸಂವೇದಕಗಳು ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ನೀರಿನ ಗುಣವನ್ನು ಕ್ಷಣಕ್ಷಣ ಅಳೆದು, ಲಕ್ಷ್ಮೀಸಾಗರದ ಪಂಚಾಯತಿ ಕಟ್ಟೆಯ ಮೇಲೆ ಕನ್ನಡದಲ್ಲಿ ತೋರಿಸುವ ಒಂದು ತೆರೆಗೆ ನಿಯಂತ್ರಣ ಕೊಠಡಿಯ ಖರ್ಚಿನ ಒಂದು ಚೂರು ಸಾಕು. ತೆರೆ ಯಾರ ಕಡೆಗೆ ಮುಖಮಾಡಿದೆ ಎಂಬುದರ ಮೇಲೆ ತಂತ್ರಜ್ಞಾನದ ಗುಣ ನಿಂತಿದೆ.

ಒಳ್ಳೆಯ ಪ್ರಯೋಗಗಳು ಹತ್ತಿರದಲ್ಲೂ ಇವೆ, ದೂರದಲ್ಲೂ ಇವೆ. ಕುಂದಾಪುರದ ಕಡೆಯ ವಂಡ್ಸೆ ಪಂಚಾಯತಿ ಮನೆಮನೆಯ ಹಸಿಕಸ, ಒಣಕಸ ಬೇರೆ ಮಾಡಿ ಅದರಿಂದಲೇ ಆದಾಯ ತೆಗೆದು ಹೆಸರಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣಕಸ ಒಂದೆಡೆ ಸೇರಿ ಬೇರ್ಪಡುವ ಘಟಕ ನಡೆಯುತ್ತಿದೆ. ಸ್ವಸಹಾಯ ಸಂಘದ ಹೆಂಗಸರು ಕಸದ ಆಟೋ ಓಡಿಸುವುದು ಕರ್ನಾಟಕದ ಹಲವು ಹಳ್ಳಿಗಳಲ್ಲಿ ಈಗ ಸಾಮಾನ್ಯ ದೃಶ್ಯ. ಪುಣೆಯಲ್ಲಿ 2008ರಿಂದ ಕಸ ಆಯುವವರದೇ ಸಹಕಾರಿ ಸಂಘ 'ಸ್ವಚ್ಛ್' ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಗೆ ಹೋಗುತ್ತಿದೆ. ಇವುಗಳಲ್ಲಿ ಯಾವುದೂ ಪರಿಪೂರ್ಣವಲ್ಲ. ಕೂಲಿ ಕಡಿಮೆ, ಹಣ ತಡ, ಗುತ್ತಿಗೆ ನವೀಕರಣದ ಆತಂಕ. ಆದರೂ ಇಲ್ಲಿ ವಾಕ್ಯಕ್ಕೆ ಕರ್ತೃವಿದ್ದಾರೆ. ಪಂಚಾಯತಿಯ ಆಟೋ ಬಂದಮೇಲೆ ಮೊದಲಿದ್ದ ಗುಜರಿಯವನ ಗತಿಯೇನು ಎಂದು ಮಾತ್ರ ಹಳ್ಳಿಯಲ್ಲೂ ಯಾರೂ ಕೇಳಿದಂತಿಲ್ಲ. ಬೆಲೆಯಿರುವ ಕಬ್ಬಿಣ, ಬಾಟಲಿ ಅವನಿಗೆ ಹೋದರೆ ಪಂಚಾಯತಿಗೆ ಬೆಲೆಯಿಲ್ಲದ ಪೊಟ್ಟಣ ಮಾತ್ರ ಉಳಿಯುತ್ತದೆ. ಎಲ್ಲವೂ ಪಂಚಾಯತಿಗೆ ಹೋದರೆ ಅವನ ಗಾಡಿ ನಿಲ್ಲುತ್ತದೆ. ಅಡ್ಡಗದ್ದೆಯಂಥ ಊರುಗಳಲ್ಲಿ ಈ ಲೆಕ್ಕ ಸಣ್ಣದು, ಎದುರುಬದುರು ಕೂತು ಬಗೆಹರಿಸಬಹುದಾದದ್ದು. ಅವನನ್ನೇ ಘಟಕದ ಪಾಲುದಾರ ಮಾಡಬಹುದು.

ನಗರದಲ್ಲಿ ಈ ಲೆಕ್ಕ ದೊಡ್ಡದು. ಕಸ ಸಾಗಿಸುವ ಗುತ್ತಿಗೆದಾರನಿಗೆ, ಸುರಿಯುವ ಜಾಗ ನಡೆಸುವವನಿಗೆ ಬಹಳ ಕಡೆ ಟನ್ನಿನ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಹೆಚ್ಚು ಕಸ, ಹೆಚ್ಚು ಹಣ. ಅದೇ ಕಸದಿಂದ ಒಂದು ಟನ್ ಕಾಗದ, ಪ್ಲಾಸ್ಟಿಕ್ ಆಯ್ದು ಹೊರಗೆ ತೆಗೆದವರು ಪಾಲಿಕೆಗೆ ಒಂದು ಟನ್ನಿನ ಸಾಗಣೆ, ಮಂದಾರದಂಥ ಊರಿಗೆ ಒಂದು ಟನ್ನಿನ ಭಾರ ಉಳಿಸಿಕೊಟ್ಟಿರುತ್ತಾರೆ. ಅವರಿಗೆ ಸಿಗುವುದು ಗುಜರಿ ಅಂಗಡಿಯ ದರ ಮಾತ್ರ. ತೈಲದ ಬೆಲೆ ಇಳಿದು ಹೊಸ ಪ್ಲಾಸ್ಟಿಕ್ ಅಗ್ಗವಾದ ದಿನ ಅದೂ ಇಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ ಕಸ ಆಯುವವರ ಸಂಘ ಈ ಪ್ರಶ್ನೆಯನ್ನು ಸಂವಿಧಾನ ನ್ಯಾಯಾಲಯಕ್ಕೆ ಒಯ್ದಿತು. 2011ರಲ್ಲಿ ನ್ಯಾಯಾಲಯ ನಗರದ ದೊಡ್ಡ ಟೆಂಡರನ್ನೇ ತಡೆಹಿಡಿಯಿತು. 2013ರಿಂದ ಅಲ್ಲಿ ಆಯ್ದು ತಂದ ಪ್ರತಿ ಟನ್ನಿಗೂ, ವಸ್ತುವಿನ ಬೆಲೆಯಲ್ಲದೆ, ನಗರಸೇವೆಯ ಹಣವನ್ನು ಪಾಲಿಕೆ ಕೊಡತೊಡಗಿತು. ಅದಕ್ಕೆ ಬೇಕಾದ ತಂತ್ರಜ್ಞಾನ ಸರಿಯಾದ ಒಂದು ತಕ್ಕಡಿ, ತೂಕ ಬರೆದಿಡುವ ಒಂದು ಪುಸ್ತಕ, ಒಂದು ಬ್ಯಾಂಕ್ ಖಾತೆ. ನೂರು ನಿಯಂತ್ರಣ ಕೊಠಡಿ ಕಟ್ಟಿದ ದೇಶಕ್ಕೆ ಇಷ್ಟನ್ನು ಹೊಂದಿಸುವುದು ಕಷ್ಟವಲ್ಲ. ಕರ್ನಾಟಕದ ಯಾವ ಪಾಲಿಕೆ ಮೊದಲು ಈ ತಕ್ಕಡಿ ಇಡುತ್ತದೆ ಎಂಬುದನ್ನು ನೋಡಬೇಕು.